ಕೇಳುಗರು ಬರೆದದ್ದು

ಕಂಪನಿ ಗಿಂಪನಿ ಯಾರ ಹಂಗೂ ಇಲ್ಲದೆ ಅಣ್ಣ ತಂಗಿ ಇಬ್ಬರೇ ಮಾಡಿದ ಇಂಡೀ ಪಾಪ್ ಆಲ್ಬಂ ಅದು. ಅಣ್ಣನದು ಝಣಝಣ ಗಿಟಾರು, ತಂಗಿಯದು ಹಾಡು. ಇಸ್ತ್ರಿ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ, ಕಿಟಕಿಗೆ ಹಾಸಿಗೆ ಒಡ್ಡಿ, ಬೆವರು ಸುರಿಸಿ ರೆಕಾರ್ಡ್ ಮಾಡಿದ್ದರು. ಬಿಡುಗಡೆಯ ದಿನ ತಂಗಿ ಒಂದೇ ಮಾತು ಹೇಳಿದ್ದಳು: "ಕೇಳ್ದೋರು ಚೆನ್ನಾಗಿದೆ ಅಂದ್ರೆ ಹಾಡ್ತೀನಿ. ಇಲ್ಲಾಂದ್ರೆ ಈ ಜನ್ಮಕ್ಕೆ ಇಷ್ಟೇ ಸಾಕು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಅವಳದು. ಅಂದಳೆಂದರೆ ಅಂದಳು, ಅಷ್ಟೇ.

ಕೇಳುಗರೋ, ದೇವರಿಗೇ ಪ್ರೀತಿ! ಆಲ್ಬಂನ ಪುಟದಲ್ಲಿ ಒಬ್ಬ ಬರೆದ: "ಎಲ್ಲಾ ಹಾಡೂ ಒಂದೇ ಹಾಡು." ಇನ್ನೊಬ್ಬಳು: "ಗಿಟಾರಾ ಇದು? ಚಮಚದ ಡಬ್ಬ ಅಲ್ಲಾಡಿಸಿದ ಹಾಗಿದೆ." ಮೂರನೆಯವರು ಇತ್ತ ತಲೆ ಹಾಕಲೇ ಇಲ್ಲ. ತಂಗಿ ಮೈಕು ಬಿಚ್ಚಿ ಹಳೇ ಟವೆಲ್ಲಿನಲ್ಲಿ ಸುತ್ತತೊಡಗಿದಳು. ಅಣ್ಣ ಗಾಬರಿಬಿದ್ದ. ಅವಳ ದನಿಯಿಲ್ಲದಿದ್ದರೆ ಅವನ ಗಿಟಾರು ನಿಜಕ್ಕೂ ಚಮಚದ ಡಬ್ಬವೇ, ಅದು ಅವನಿಗೂ ಗೊತ್ತಿತ್ತು.

ಕಳ್ಳತನಕ್ಕಿಳಿದ. ದಿನಕ್ಕೊಂದು ಸುಳ್ಳು ಹೆಸರಿಟ್ಟುಕೊಂಡು ಹೊಗಳಿ ಬರೆದ. ನರ್ಸಾದ, ಬಸ್ ಡ್ರೈವರಾದ, ಪ್ರೀತಿ ಮುರಿದ ಹುಡುಗಿಯಾಗಿ ಬರೆದು ತಾನೇ ಅತ್ತ. ತಂಗಿ ಓದಿ ಓದಿ ಅರಳಿದಳು. ಮೈಕು ಮತ್ತೆ ಎದ್ದು ನಿಂತಿತು.

ಒಂದು ಸಂಜೆ ಅವಳು ಫೋನು ಹಿಡಿದು ಎದುರು ನಿಂತಳು. ಮುಖದಲ್ಲಿ ರಕ್ತವಿರಲಿಲ್ಲ.

"ಐದನೇ ಹಾಡಿನ ಕೊನೇಲಿ ಹಾಡೋಳು ಕಿಸಕ್ ಅಂತ ನಗ್ತಾಳಲ್ಲ, ಅಲ್ಲೇ ಬಿದ್ದೋದೆ ಅಂತ ಬಸ್ ಡ್ರೈವರ್ ಬರ್ದಿದ್ದಾನೆ."

"ಎಂಥಾ ಕಿವಿ ನೋಡು ಅವನ್ದು!"

"ಆ ನಗು ಆಲ್ಬಂನಲ್ಲಿ ಇಲ್ಲ ಅಣ್ಣ. ನಾಚ್ಕೆ ಆಯ್ತು ಅಂತ ಬಿಡೋ ಮುಂಚೆ ನಾನೇ ಕತ್ತರಿಸ್ದೆ."

ಅಯ್ಯೋ ಪುಣ್ಯಾತ್ಮ! ಬಿಡುಗಡೆಯಾದ ಆಲ್ಬಂ ಅವನು ಕೇಳಿಯೇ ಇರಲಿಲ್ಲ. ರೆಕಾರ್ಡ್ ಮಾಡುವಾಗ ಕೇಳಿದ್ದೇ ಕಿವಿಯಲ್ಲಿ ಕೂತಿತ್ತು, ಅದನ್ನೇ ಹೊಗಳಿದ್ದ. ಕೇಳುವವರು ಮಾಡುವ ತಪ್ಪಲ್ಲ ಇದು, ಆಲ್ಬಂ ಮಾಡಿದವನೇ ಮಾಡಬೇಕು.

ಎಲ್ಲ ಒಪ್ಪಿಕೊಂಡ. ಒಂದು ಮಾತ್ರ ತನ್ನದಲ್ಲ ಎಂದ. ಯಾರೋ ಅಜ್ಜಿ ಬರೆದದ್ದು: "ಯಜಮಾನರು ಹೋದ್ಮೇಲೆ ಮನೇಲಿ ಹಾಡೇ ಹಾಕಿರ್ಲಿಲ್ಲ. ಈ ಹುಡುಗೀದು ಅಡುಗೆ ಮಾಡ್ತಾ ಕೇಳ್ದೆ. ಮತ್ತೆ ಹಾಡ್ತಾಳಾ?"

"ಇದು ನಿಜವಾದ್ದು ಕಣೇ, ಅಮ್ಮನಾಣೆ!"

"ಎಲ್ಲಕ್ಕಿಂತ ಚೆನ್ನಾಗಿ ಬರ್ದಿರೋದು ಇದನ್ನೇ," ಎಂದು ಅವಳು ಮೆಟ್ಟಿಲಿಳಿದು ಹೋದಳು.

ಅವನು ಅಜ್ಜಿಗೆ ಬರೆದ, ಈ ಸಲ ತನ್ನದೇ ಹೆಸರಿನಲ್ಲಿ: "ಅವಳು ನಿಮ್ಮನ್ನ ನಂಬ್ತಿಲ್ಲ. ದಮ್ಮಯ್ಯ, ನೀವು ಇದ್ದೀರಿ ಅಂತ ಒಂದು ಮಾತು ಹೇಳಿ." ಪರದೆಯನ್ನೇ ಕಣ್ಣಲ್ಲಿ ಕಣ್ಣಿಟ್ಟು ಕಾದ. ಉತ್ತರ ಬಂತು: "ಇದ್ದೀನಪ್ಪ. ಹಾಡೋಕೆ ಹೇಳು ಅವಳಿಗೆ."

ಬಿದ್ದಂಬೀಳ ಬೀದಿಗೆ ಓಡಿ ಫೋನು ಅವಳ ಮುಖಕ್ಕೆ ಹಿಡಿದ. ತಂಗಿ ಓದಿದಳು. ಕಣ್ಣು ತುಂಬಿ ಬಂತು.

"ಸಾಕು ಅಣ್ಣ," ಎಂದಳು. "ನಿನಗೆ ನೀನೇ ಉತ್ತರ ಬರ್ಕೊಳ್ಳೋ ಹಾಗಾಯ್ತಾ? ನನ್ನಿಂದಾನೇ ಇದೆಲ್ಲ. ಬಾ."

ಜ್ವರ ಬಂದವನನ್ನು ಕರೆದೊಯ್ಯುವಂತೆ ಕೈ ಹಿಡಿದು ಅವನನ್ನು ಮನೆಗೆ ಕರೆದುಕೊಂಡು ಹೋದಳು.