ಕೆಂಚಿ ಈದ ಬೆಳಿಗ್ಗೆ

ಗಂಡನ ಹೃದಯಕ್ಕೆ ಸ್ಟೆಂಟ್ ಹಾಕಿದಾಗಿನಿಂದ ವಸಂತಾಗೆ ಬಾತ್‌ರೂಮಿನಲ್ಲಿ ಸೋಪು ಬಿದ್ದ ಸಪ್ಪಳವಾದರೂ ಎದೆ ಧಸಕ್ ಎನ್ನುತ್ತಿತ್ತು. ಶ್ರೀಶೈಲ್‌ಗೆ ಅಂಥ ಭಯವೇನೂ ಇರಲಿಲ್ಲ. ಡಾಕ್ಟರು ದಿನಾ ನಡೆಯಿರಿ, ಮನಸ್ಸಿಗೆ ಹಿಡಿಸುವಂಥದ್ದು ಏನಾದರೂ ಮಾಡಿ ಎಂದದ್ದೇ ತಡ, ದೊಡ್ಡ ಲೆನ್ಸ್ ಒಂದನ್ನು ತರಿಸಿ, ಶನಿವಾರಗಳಂದು ಅಲೆನ್ ಊರಿನ ತಮ್ಮ ಮನೆಯಿಂದ ಲ್ಯಾಂಪಾಸಸ್ ಕಡೆಯ ರ‍್ಯಾಂಚ್ ಒಂದಕ್ಕೆ ಡ್ರೈವ್ ಮಾಡತೊಡಗಿದ.

ನೆವಾಡಾದಿಂದ ತಂದ ಕಾಡುಕುದುರೆಗಳನ್ನು ಅಲ್ಲಿ ಬಯಲಿಗೆ ಬಿಟ್ಟಿದ್ದರು. ಯಾರೂ ಅವುಗಳ ಮೈ ಮುಟ್ಟುವಂತಿಲ್ಲ, ಹತ್ತಿರ ಹೋಗುವಂತಿಲ್ಲ. ಯಾವುದು ಗಬ್ಬವಾಗಿದೆ, ಯಾವುದಕ್ಕೆ ದಿನ ತುಂಬಿದೆ ಎಂಬುದನ್ನು ಒಡತಿ ಲೊರೇನ್ ದೂರದಿಂದ ತೆಗೆದ ಫೋಟೋಗಳನ್ನು ನೋಡಿಯೇ ತಿಳಿಯಬೇಕು. ಆ ಫೋಟೋ ತೆಗೆಯುವ ಕೆಲಸವನ್ನು ಶ್ರೀಶೈಲ್ ತಾನಾಗಿಯೇ ವಹಿಸಿಕೊಂಡಿದ್ದ. ಅವನನ್ನು ಒಬ್ಬನೇ ಕಳಿಸಲು ಮನಸ್ಸಾಗದೆ ವಸಂತಾಳೂ ಜೊತೆಗೆ ಹೋಗುತ್ತಿದ್ದಳು.

ಅಲ್ಲಿನ ಕೆಂಪು ಬಣ್ಣದ ಒಂದು ಹೆಣ್ಣುಕುದುರೆಗೆ ಅವನು ಕೆಂಚಿ ಎಂದು ಹೆಸರಿಟ್ಟಿದ್ದ. ಹಿಂದಿನ ವರ್ಷ ಅದಕ್ಕೆ ಸತ್ತ ಮರಿ ಹುಟ್ಟಿತ್ತು. ಅದು ಇಡೀ ದಿನ ಮರಿಯನ್ನು ಮೂತಿಯಿಂದ ತಿವಿಯುತ್ತ ನಿಂತದ್ದನ್ನು ಅವನು ಕಣ್ಣಾರೆ ಕಂಡಿದ್ದ. ಎರಡು ಸಾವಿರದ ಹದಿನಾರರ ಆ ಏಪ್ರಿಲ್‌ನಲ್ಲಿ ಅದು ಮತ್ತೆ ಗಬ್ಬವಾಗಿತ್ತು.

"ಇಲ್ಲಿ ನೋಡು, ಹೊಟ್ಟಿ ಹೆಂಗ ಜಗ್ಗೈತಿ. ಕೆಚ್ಚಲಾ ಬಿಗದೈತಿ. ಇನ್ನೊಂದು ವಾರದೊಳಗ ಈತಾಳ," ಎಂದು ಅವನು ಕ್ಯಾಮೆರಾದ ಪರದೆಯನ್ನು ಅವಳ ಮುಖದ ಹತ್ತಿರ ಹಿಡಿದ.

"ಈಯಲಿ ಬಿಡ್ರಿ. ನೀವು ಮೊದಲ ಗುಳಿಗಿ ತಗೋರಿ."

ಮುಂದಿನ ಶನಿವಾರ ಬೆಳಿಗ್ಗೆ ಹಿಂಡು ಹಳ್ಳದ ಕಡೆ ಮೇಯುತ್ತಿತ್ತು. ಕೆಂಚಿ ಅದರಲ್ಲಿ ಇರಲಿಲ್ಲ. ಈಯುವ ಕುದುರೆ ಹಿಂಡು ಬಿಟ್ಟು ದೂರ ಹೋಗುತ್ತದೆಂದು ಬಲ್ಲ ಶ್ರೀಶೈಲ್ ಕ್ಯಾಮೆರಾ ಎತ್ತಿಕೊಂಡು ಕಾರಿನಿಂದ ಇಳಿದ.

"ಕಣ್ಣಿಗೆ ಕಾಣೂ ಹಂಗ ಇರ್ರಿ ಮತ್ತ," ಎಂದಳು ವಸಂತಾ. ಅವನು ಕೈ ಎತ್ತಿ ಆಯಿತು ಎಂಬಂತೆ ಆಡಿಸಿ ದಿಬ್ಬ ಹತ್ತಿ ಆಚೆ ಇಳಿದುಬಿಟ್ಟ.

ಅವಳು ಕಾಯ್ದಳು. ಥರ್ಮಾಸಿನ ಚಹಾ ಬಗ್ಗಿಸಿಕೊಂಡಳು, ಕುಡಿಯಲಿಲ್ಲ. ಬಿಸಿಲು ಏರಿದರೂ ಅವನ ಸುಳಿವಿಲ್ಲ. ಫೋನ್ ಮಾಡಿದಳು. ಅದು ಹಿಂದಿನ ಸೀಟಿನಲ್ಲಿ ಅವನು ಬಿಚ್ಚಿಟ್ಟುಹೋದ ಜಾಕೆಟ್ಟಿನೊಳಗಿಂದಲೇ ರಿಂಗಾಯಿತು. ಜೇಬಿಗೆ ಕೈ ಹಾಕಿದರೆ ಫೋನಿನ ಜೊತೆ ಎದೆನೋವು ಬಂದರೆ ನಾಲಿಗೆ ಕೆಳಗಿಡುವ ಗುಳಿಗೆಯ ಸಣ್ಣ ಬಾಟಲಿಯೂ ಸಿಕ್ಕಿತು. ಬಾಟಲಿಯನ್ನು ಮುಷ್ಟಿಯಲ್ಲಿ ಹಿಡಿದು ದಿಬ್ಬದ ಕಡೆ ಓಡಿದಳು.

ದಿಬ್ಬದ ಮೇಲೆ ನಿಂತಾಗ ಮೊದಲು ಕಂಡದ್ದು ಕೆಂಚಿ. ತಗ್ಗಿನ ಹುಲ್ಲಿನಲ್ಲಿ ಕಾಲು ಚಾಚಿ ಮಲಗಿತ್ತು. ಬಾಲದ ಕೆಳಗೆ ಬೆಳ್ಳಗೆ ಹೊಳೆಯುವ ಚೀಲ, ಅದರೊಳಗೆ ಮರಿಯ ಎರಡು ಗೊರಸು. ಅದರಾಚೆ ಶ್ರೀಶೈಲ್ ಮಗ್ಗುಲಾಗಿ ಬಿದ್ದುಕೊಂಡಿದ್ದ. ಕ್ಯಾಮೆರಾ ಮುಂದೆಯೇ ಇತ್ತು, ಅವನ ಕೈ ಅದರ ಮೇಲಿರಲಿಲ್ಲ.

ಅವಳನ್ನು ನೋಡಿ ಅವನು ಅಂಗೈ ಎತ್ತಿದ. ಅಲ್ಲೇ ನಿಲ್ಲು ಎಂದೋ, ಬೇಗ ಬಾ ಎಂದೋ ಅವಳಿಗೆ ತಿಳಿಯಲಿಲ್ಲ. ಒಂದು ಮಗ್ಗುಲಿಗೆ ಕೊರಕಲು, ಇನ್ನೊಂದಕ್ಕೆ ಮುಳ್ಳುಕಂಟಿ; ಸುತ್ತಿ ಹೋಗಲು ದಾರಿಯಿರಲಿಲ್ಲ. ಹೋಗುವುದಾದರೆ ಕುದುರೆಯ ಪಕ್ಕದಿಂದಲೇ ಹೋಗಬೇಕು. ಅಲ್ಲೇ ನಿಂತಳು. ಕೆಂಚಿ ನರಳಿ ತಿಣುಕಿತು, ಗೊರಸು ಇನ್ನಷ್ಟು ಹೊರಬಂತು. ಅಷ್ಟರಲ್ಲಿ ಎತ್ತಿದ್ದ ಅವನ ಕೈ ಹುಲ್ಲಿನ ಮೇಲೆ ಕಳಚಿದಂತೆ ಬಿತ್ತು.

ವಸಂತಾ ಓಡಿದಳು. ಕೆಂಚಿ ಬೆಚ್ಚಿ ಮುಗ್ಗರಿಸುತ್ತ ಎದ್ದಿತು. ಅರ್ಧ ಹೊರಬಂದ ಮರಿಯ ಕಾಲು ಜೋಲಾಡಿಸಿಕೊಂಡೇ ಸೀಡರ್ ಗಿಡಗಳ ಮರೆಗೆ ಹೋಗಿಬಿಟ್ಟಿತು.

"ಯಾಕ ಬಂದಿ? ಹೋದ್ಲಲ್ಲ ಆಕಿ," ಎಂದ ಶ್ರೀಶೈಲ್. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು, ಅಂಗಿ ಬೆವರಿನಿಂದ ತೊಯ್ದಿತ್ತು.

"ಬಾಯಿ ತಗೀರಿ. ಮಾತಾಡಬ್ಯಾಡ್ರಿ."

ಗುಳಿಗೆ ಇಟ್ಟು, ಸಿಗ್ನಲ್ ಸಿಗಲೆಂದು ಮತ್ತೆ ದಿಬ್ಬ ಹತ್ತಿ ಫೋನ್ ಮಾಡಿದಳು. ಲೊರೇನ್ ಪಿಕಪ್‌ನಲ್ಲಿ ಬಂದಳು, ಹಿಂದೆಯೇ ಆಂಬುಲೆನ್ಸ್ ಬಂತು. ಆಸ್ಟಿನ್ನಿನ ಆಸ್ಪತ್ರೆಯಲ್ಲಿ ಇನ್ನೊಂದು ರಕ್ತನಾಳವೂ ಕಟ್ಟಿಕೊಂಡದ್ದು ಗೊತ್ತಾಗಿ ಅವತ್ತೇ ಮತ್ತೊಂದು ಸ್ಟೆಂಟ್ ಹಾಕಿದರು.

ಎಚ್ಚರವಾದಾಗ ಅವನ ಮೊದಲ ಮಾತು, "ಕೆಂಚಿ ಏನಾದ್ಲು?"

ಇಡೀ ದಿನ ತಡೆದಿಟ್ಟ ಸಿಟ್ಟು ವಸಂತಾಳ ಬಾಯಿಗೆ ಬಂತು. "ಎದಿ ನೋಯಾಕತ್ತಿತ್ತಲ್ಲ, ಯಾಕ ಒಂದ ಸಲ ಕೂಗಲಿಲ್ರಿ?"

"ಕೂಗಿದ್ರ ಆಕಿ ಏಳ್ತಿದ್ಲು. ಹೋದ ವರ್ಷದ ಹಂಗ ಈ ಮರಿನೂ ಸತ್ತಿದ್ರ..."

"ಆಕಿ ಎದ್ರ ಏಳಲಿ. ನೀವು ಏಳದಿದ್ರ ನಾ ಏನ್ ಮಾಡಬೇಕಾಗಿತ್ತು?"

ಅವಳು ಹೊರಗೆ ಬಂದು ಲೊರೇನ್‌ಗೆ ಫೋನ್ ಮಾಡಿದಳು. ಹುಡುಕುತ್ತಿದ್ದೇವೆ, ಕುದುರೆ ಇನ್ನೂ ಕಂಡಿಲ್ಲ ಎಂದಳು ಲೊರೇನ್. ಮಾಡಿದ್ದು ತಪ್ಪೆಂದು ವಸಂತಾಗೆ ಒಂದು ಕ್ಷಣವೂ ಅನಿಸಲಿಲ್ಲ. ಆದರೂ ಜೋಲಾಡುತ್ತಿದ್ದ ಆ ಎರಡು ಗೊರಸು ಕಣ್ಣಿಂದ ಹೋಗಲೊಲ್ಲದು.

ಮರುದಿನ ಹ್ಯೂಸ್ಟನ್‌ನಿಂದ ಮಗಳು ನಿವೇದಿತಾ ಬಂದಳು. ಅಮ್ಮನ ಮುಖ ನೋಡಿ, "ಮಮ್ಮಿ, ಜಸ್ಟ್ ಗೋ. ಐ ವಿಲ್ ಸ್ಟೇ ವಿತ್ ಅಪ್ಪಾಜಿ," ಎಂದಳು. ವಸಂತಾ ಒಬ್ಬಳೇ ರ‍್ಯಾಂಚಿಗೆ ಡ್ರೈವ್ ಮಾಡಿದ್ದು ಅದೇ ಮೊದಲು. ಕ್ಯಾಮೆರಾ ಪಕ್ಕದ ಸೀಟಿನಲ್ಲಿತ್ತು.

ಲೊರೇನ್ ಅವಳನ್ನು ಪಿಕಪ್‌ನಲ್ಲಿ ಕೂಡಿಸಿಕೊಂಡು ಬಯಲೆಲ್ಲ ಸುತ್ತಿದಳು. ಒಂದು ಕಡೆ ಆಕಾಶದಲ್ಲಿ ಹದ್ದುಗಳು ಸುತ್ತುತ್ತಿದ್ದವು. ಇಬ್ಬರೂ ಆ ಕಡೆಗೇ ಹೋದರು. ಸತ್ತು ಬಿದ್ದದ್ದು ಒಂದು ಜಿಂಕೆ. ಅಲ್ಲಿಂದ ತುಸು ಮುಂದೆ, ಸೀಡರ್ ಗಿಡಗಳ ಅಂಚಿನಲ್ಲಿ ಕೆಂಚಿ ನಿಂತಿತ್ತು. ಒಂಟಿಯಾಗಿ. ಹೊಟ್ಟೆ ಇಳಿದಿತ್ತು. ತಲೆ ತಗ್ಗಿಸಿ ಹುಲ್ಲಿನಲ್ಲಿ ಏನನ್ನೋ ತಿವಿಯುತ್ತಿತ್ತು.

ವಸಂತಾ ಕ್ಯಾಮೆರಾ ಎತ್ತಿ ಕಣ್ಣಿಗೆ ಹಚ್ಚಿಕೊಂಡಳು. ಗಂಡ ಹೇಳಿದ್ದ ಹಿಂದಿನ ವರ್ಷದ ಕಥೆ ಹೀಗೆಯೇ ಇತ್ತು.

ಹುಲ್ಲಿನೊಳಗೆ ಒಂದು ಕಿವಿ ಅಲುಗಿತು. ಆಮೇಲೆ ಕಡ್ಡಿಯಂಥ ನಾಲ್ಕು ಕಾಲು ಒಂದೊಂದು ದಿಕ್ಕಿಗೆ ಚಾಚಿಕೊಂಡು, ಬಿದ್ದು, ಮತ್ತೆ ಎದ್ದು, ಮರಿ ತಾಯಿಯ ಹೊಟ್ಟೆಯ ಕೆಳಗೆ ಮೂತಿ ತೂರಿಸಿತು. ವಸಂತಾ ಬಟನ್ ಒತ್ತಿದಳು, ಒತ್ತುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ಶ್ರೀಶೈಲ್ ಆ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದ. ಕೆಂಚಿಯ ತೊಡೆ, ಒಂದಷ್ಟು ಹುಲ್ಲು, ಅರ್ಧ ಮರಿ. "ಒಂದೂ ಫೋಕಸ್ ಇಲ್ಲಲ್ಲ," ಎಂದವನು ಕಣ್ಣೊರೆಸಿಕೊಂಡ. ಆಮೇಲೆ ಅವಳ ಕೈ ಹಿಡಿದು, "ಕೂಗಬೇಕಾಗಿತ್ತು ನಾ," ಎಂದ.

ಜುಲೈ ಹೊತ್ತಿಗೆ ಅವರು ಮತ್ತೆ ರ‍್ಯಾಂಚಿಗೆ ಹೋಗತೊಡಗಿದರು. ಈಗ ಮರಿ ಬಲಿತು ಹಿಂಡಿನ ಜೊತೆ ಓಡುತ್ತದೆ. ಶ್ರೀಶೈಲ್ ಕ್ಯಾಮೆರಾಕ್ಕೆ ಕಣ್ಣು ಹಚ್ಚಿ ಸ್ವಲ್ಪ ಹೊತ್ತು ಸುಮ್ಮನಾದರೂ ಸಾಕು, ವಸಂತಾ ಹಿಂದಿನಿಂದ "ರೀ" ಎಂದು ಜೋರಾಗಿ ಕರೆಯುತ್ತಾಳೆ. ಅವನು "ಹೂಂ" ಎನ್ನಲೇಬೇಕು. ಕುದುರೆಗಳೆಲ್ಲ ಕಿವಿ ನೆಟ್ಟಗೆ ಮಾಡಿ ಇತ್ತ ತಿರುಗುತ್ತವೆ, ಒಳ್ಳೆಯ ಫೋಟೋ ತಪ್ಪಿಹೋಗುತ್ತದೆ. ಅವಳು ಅದಕ್ಕೆಲ್ಲ ತಲೆಕೆಡಿಸಿಕೊಳ್ಳುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆಯುತ್ತಾಳೆ.