ಗೋವಿಂದಮ್ಮನ ಸಹಿ

ಎದುರಿನ ಕಾಲೇಜಿನ ಫೈಲುಗಳಲ್ಲಿ ನಾನು ಏಳು ಹುಡುಗಿಯರ ತಾಯಿ. ಹೆತ್ತದ್ದು ಒಬ್ಬನೇ ಮಗನನ್ನು. ಅವನು ನಂಜನಗೂಡಿನ ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡಿಕೊಂಡು ಅಲ್ಲೇ ಇದ್ದಾನೆ. ಉಳಿದವರೆಲ್ಲ ನಾನು ಸಹಿ ಹಾಕಿ ಪಡೆದವರು.

ನನ್ನ ಹೆಸರು ಶಿವನಂಜಮ್ಮ. ತಿ. ನರಸೀಪುರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಹಾಲ್ ಟಿಕೆಟ್ಟು, ಪರೀಕ್ಷೆ ಅರ್ಜಿ, ಅಂಕಪಟ್ಟಿ, ಎಲ್ಲವೂ ನನ್ನ ಮಿಷನ್ನಿನ ಗಾಜಿನ ಮೇಲೆ ಮಲಗಿ ಎದ್ದು ಹೋದವೇ. ಯೂನಿವರ್ಸಿಟಿ ಫಲಿತಾಂಶ ಬಿಟ್ಟ ದಿನ ಯಾರು ಪಾಸು, ಯಾರು ಫೇಲು ಎಂದು ಹೆತ್ತವರಿಗಿಂತ ಮೊದಲು ನನಗೆ ಗೊತ್ತು. ಅದರಿಂದ ಸ್ವಲ್ಪ ಕೊಬ್ಬೂ ಬಂದಿತ್ತು, ಸುಳ್ಳೇಕೆ ಹೇಳಲಿ.

ಆ ಕಾಲೇಜಿನಲ್ಲಿ ಇಪ್ಪತ್ತು ಮಕ್ಕಳಿಗೆ ಒಬ್ಬ ಮೇಷ್ಟ್ರನ್ನು ನೇಮಿಸಿ, ಮೆಂಟರ್ ಎನ್ನುತ್ತಾರೆ. ನಾಲ್ಕಕ್ಕಿಂತ ಹೆಚ್ಚು ವಿಷಯದಲ್ಲಿ ಫೇಲಾಗಿ ಬ್ಯಾಕ್ ಉಳಿಸಿಕೊಂಡವರು ಮನೆಯವರನ್ನು ಕರೆತಂದು ಮೆಂಟರ್ ಮುಂದೆ ಕೂರಿಸಬೇಕು, ಆಮೇಲೆಯೇ ಪರೀಕ್ಷೆ ಅರ್ಜಿಗೆ ಸಹಿ. ಹುಡುಗರು ಆಟೋದವನನ್ನು ಮಾವ ಎಂದು, ಕಟಿಂಗ್ ಶಾಪಿನವನನ್ನು ಅಣ್ಣ ಎಂದು ಕರೆದೊಯ್ಯುತ್ತಿದ್ದರು. ಹುಡುಗಿಯರಿಗೆ ನಾನು. ಕಾಸಿಗಲ್ಲ, ಖುಷಿಗೆ. ಮೇಷ್ಟ್ರುಗಳಿಗೆ ಕಾಲೇಜಿನೊಳಗೇ ಮಿಷನ್ನಿದೆ, ನನ್ನ ಅಂಗಡಿಗೆ ಬಂದವರಲ್ಲ, ಒಬ್ಬ ಮೆಂಟರ್ ಹತ್ತಿರ ಎರಡನೇ ಸಲ ನಾನೂ ಹೋದವಳಲ್ಲ. ಸೆರಗು ಹೊದ್ದು, ಮುಖ ಸಣ್ಣ ಮಾಡಿಕೊಂಡು ಹೋಗಿ, ಮೇಷ್ಟ್ರು ಬಾಯಿ ಬಿಡುವ ಮುಂಚೆ ನಾನೇ ಮಗಳನ್ನು ಬೈಯುತ್ತಿದ್ದೆ. ಒಬ್ಬಳ ತಲೆಗೆ ಮೊಟಕಿಯೂ ಇದ್ದೇನೆ. ನಾನು ಪಿಯುಸಿ ಫೇಲು. ಆ ಕಾಲಕ್ಕೆ ಯಾವ ಮೇಷ್ಟ್ರೂ ನನ್ನನ್ನು ಕೂರಿಸಿ ಮಾತಾಡಿಸಿರಲಿಲ್ಲ. ಈಗ ಕುರ್ಚಿ ಎಳೆದು "ಕೂತ್ಕೊಳ್ಳಿ ತಾಯಿ" ಎಂದರೆ ಯಾರಿಗೆ ಬೇಡ?

ಕವನ ಬಂದದ್ದು ದೀಪಾವಳಿ ಕಳೆದ ವಾರ. ಬಿ.ಕಾಂ. ಎರಡನೇ ವರ್ಷ, ಏಳು ವಿಷಯ ಬ್ಯಾಕ್. ತಗಡೂರಿನಿಂದ ಎರಡು ಮೈಲಿ ಒಳಗೆ ಅವಳ ಊರು. ಅಪ್ಪ ಚಲುವಯ್ಯ ಪಂಚಾಯಿತಿಯಲ್ಲಿ ನೀರು ಬಿಡುವವನು, ಅಮ್ಮ ಗೋವಿಂದಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವವಳು.

"ನಿಮ್ಮವ್ವುನ್ನೇ ಕರ್ಕೊಂಡು ಬರಬಾರ್ದಾ ಮಗಾ?" ಎಂದೆ. ಹಾಗೆ ಕೇಳುವುದು ನನ್ನ ಪದ್ಧತಿ, ಕೇಳಿದ ಮೇಲೆ ನಾನೇ ಹೋಗುವುದೂ.

"ಬ್ಯಾಡ ಕಣಕ್ಕ. ನಮ್ಮವ್ವ ಅನ್ನ ಬಡುಸ್ವಾಗ ಮಕ್ಕಳಿಗೆಲ್ಲ ಏಳ್ತದೆ, ನನ್ ಮಗಳು ಬ್ಯಾಂಕಿಗೆ ಓಯ್ತಾಳೆ, ನೀವೂ ಅಂಗೇ ಓದ್ರಲಾ ಅಂತ. ಏಳು ಬ್ಯಾಕ್ ಅಂತ ಗೊತ್ತಾದ್ರೆ ಸತ್ತೇ ಓಯ್ತದೆ."

ಅವಳ ಮೆಂಟರ್ ಮಹಾದೇವಸ್ವಾಮಿ, ಅತಿಥಿ ಉಪನ್ಯಾಸಕ, ಇನ್ನೂ ಹುಡುಗುಮುಖ. ಬೇರೆ ಮೇಷ್ಟ್ರುಗಳು ಎರಡು ಮಾತಾಡಿ ಎಲ್ಲಿ ಸಹಿ ಎಂದು ಬೆರಳಿಡುತ್ತಿದ್ದರು. ಇವರು ಹಾಗಲ್ಲ, ಅವಳ ಟೆಸ್ಟ್ ಪೇಪರುಗಳನ್ನೇ ತೆಗೆದು ನನ್ನ ಮುಂದೆ ಹರಡಿದರು.

"ನೋಡಿ ತಾಯಿ, ಹುಡುಗಿ ದಡ್ಡಿಯಲ್ಲ. ಲೆಕ್ಕ ಕನ್ನಡದಲ್ಲಿ ಕೊಟ್ಟರೆ ಮಾಡ್ತಾಳೆ. ಇಂಗ್ಲಿಷಿನಲ್ಲಿ ಕೊಟ್ಟರೆ ಏನು ಕೇಳಿದ್ದಾರೆ ಅಂತಲೇ ಗೊತ್ತಾಗಲ್ಲ. ಇಂಥವರು ಎಂಟು ಜನ ಇದ್ದಾರೆ. ದಿನಾ ನಾಲ್ಕೂವರೆಯಿಂದ ಆರರವರೆಗೆ ಕೂರಿಸಿಕೊಂಡು ಹೇಳಿಕೊಡ್ತೀನಿ. ಇವಳನ್ನೂ ಕಳಿಸ್ತೀರಾ?"

ಕವನ ತಲೆಯೆತ್ತಿ ನನ್ನ ಮುಖ ನೋಡಿದಳು. ಬೇಡ ಅನ್ನು ಎನ್ನುತ್ತಿದ್ದಾಳೆ ಎಂದುಕೊಂಡೆ. ಬಸ್ಸಿನ ಹೊತ್ತು ನನಗೆ ಬಾಯಿಪಾಠ, ಎಷ್ಟು ಮಕ್ಕಳು ನನ್ನ ಬೆಂಚಿನಿಂದ ಎದ್ದು ಓಡಿಲ್ಲ!

"ಆಗಾಕಿಲ್ಲ ಸಾ," ಎಂದೆ. "ನಾಕು ನಲವತ್ತಕ್ಕೆ ನಮ್ಮೂರ ಕಡೆ ಬಸ್ಸು. ಅದು ಬುಟ್ರೆ ಏಳೂಕಾಲ್ಗೆ, ಅದೂ ತಗಡೂರು ಗಂಟ. ಆಮೇಲೆ ಎರಡು ಮೈಲಿ ನಡಿಬೇಕು. ವಯಸ್ಸಿಗೆ ಬಂದ ಎಣ್ಮಗ, ಕತ್ಲಲ್ಲಿ ಎಂಗ್ ಸಾ ಬತ್ತದೆ?"

ನಿಜವಾದ ತಾಯಿ ಹೀಗೇ ಹೇಳುತ್ತಾಳೆ ಎಂದು ನನ್ನ ಎಣಿಕೆ. ಎಷ್ಟು ಚೆನ್ನಾಗಿ ಹೇಳಿದೆ ಎಂದು ಒಳಗೊಳಗೇ ಹಿಗ್ಗಿದೆ ಕೂಡ. ಮೇಷ್ಟ್ರು ಇನ್ನೆರಡು ಸಲ ಕೇಳಿದರು. ನಾನು ಜಗ್ಗಲಿಲ್ಲ. ಆಗ ಒಂದು ಮುಚ್ಚಳಿಕೆ ಕಾಗದ ತೆಗೆದರು. ವಿಶೇಷ ತರಗತಿ ಬೇಡ ಎನ್ನುವವರು ಅದನ್ನು ಬರೆದುಕೊಡಬೇಕೆಂದು ಪ್ರಿನ್ಸಿಪಾಲರ ಆರ್ಡರ್ ಅಂತೆ. ಈ ಪರೀಕ್ಷೆಯಲ್ಲಿ ನಾಲ್ಕು ಬ್ಯಾಕ್ ಆದರೂ ಪಾಸು ಮಾಡಿಕೊಳ್ಳದಿದ್ದರೆ ನನ್ನ ಮಗಳ ಟಿ.ಸಿ. ಪಡೆದು ಬಿಡಿಸಿಕೊಂಡು ಹೋಗುತ್ತೇನೆ, ಎಂದು ಓದಿ ಹೇಳಿದರು. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಗೋವಿಂದಮ್ಮ ಎಂದು ದುಂಡಗೆ ಬರೆದು, ಕೆಳಗೊಂದು ಗೆರೆಯನ್ನೂ ಎಳೆದೆ.

ಫಲಿತಾಂಶ ಮಾರ್ಚಿನಲ್ಲಿ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಪ್ರಿಂಟರಿನಿಂದ ಕವನಳ ಹಾಳೆ ಹೊರಬಂತು. ಮೂರು ಬ್ಯಾಕ್ ಪಾಸು. ನಾಲ್ಕನೆಯದಕ್ಕೆ ಎರಡು ಮಾರ್ಕ್ಸ್ ಕಮ್ಮಿ.

"ಇನ್ನೊಂದ್ ಸಲ ತೆಗೀರಕ್ಕ," ಎಂದಳು.

ತೆಗೆದೆ. ಅದೇ ಬಂತು. ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಮೂರನೆಯ ಸಲ ತೆಗೆಯಿರಿ ಎಂದಳು. ನನಗೆ ರೇಗಿತು, ಕಾಗದ ಏನು ಮರದಿಂದ ಉದುರುತ್ತದಾ ಎಂದು ಬೈದೆ. ಅಷ್ಟರಲ್ಲಿ ಬೇರೆ ಹುಡುಗರು ಮುತ್ತಿಕೊಂಡರು. ತಿರುಗಿ ನೋಡಿದರೆ ಅವಳಿಲ್ಲ, ಬೆಂಚಿನ ಮೇಲೆ ಬ್ಯಾಗು ಮಾತ್ರ ಇತ್ತು. ಬ್ಯಾಗಿನ ಮೇಲೆ ಅವಳ ಮೊಬೈಲೂ ಇತ್ತು.

ಮೊಬೈಲು ಬಿಟ್ಟು ಈ ಕಾಲದ ಯಾವ ಹುಡುಗಿ ಎಲ್ಲಿಗೆ ಹೋಗುತ್ತಾಳೆ? ಅಂಗಡಿಯನ್ನು ಹಾಗೇ ಬಿಟ್ಟು, ಚಪ್ಪಲಿಯೂ ಇಲ್ಲದೆ ಹೊಳೆಯ ಕಡೆ ಓಡಿದೆ. ದಾರಿಯುದ್ದಕ್ಕೂ ದೇವರನ್ನು ಕರೆದೆ. ಎರಡು ಹೊಳೆ ಕೂಡುವ ಕಡೆ, ಕೊನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಕಾಲು ನೀರಿನಲ್ಲಿತ್ತು. ರಟ್ಟೆ ಹಿಡಿದು ಮೇಲಕ್ಕೆ ಎಳೆದೆ. ಬಟ್ಟೆ ಒಗೆಯುವ ಹೆಂಗಸರು ನೋಡುತ್ತಿದ್ದರು. ನಾನು ಗೋಳೋ ಎಂದು ಅತ್ತೆ, ಅವಳು ಅಳಲೇ ಇಲ್ಲ.

"ಅವತ್ತು ಮೇಷ್ಟ್ರು ಕೇಳ್ದಾಗ ನಿಮ್ಮ ಮೊಕ ನೋಡ್ದೆ ಕಣಕ್ಕ," ಎಂದಳು. "ಊಂ ಅನ್ನಿ ಅಂತ."

ಸೆರಗಿನಿಂದ ಅವಳ ಒದ್ದೆ ಕಾಲು ಒರೆಸಿದೆ.

ಆ ಮೆಟ್ಟಿಲ ಮೇಲೆ ಕೂತು ಎಷ್ಟು ಯೋಚಿಸಿದರೂ ದಾರಿ ಕಾಣಲಿಲ್ಲ. ಸಹಿ ಅವ್ವನದೇ ಎಂದರೆ ಮುಚ್ಚಳಿಕೆ ಪ್ರಕಾರ ಟಿ.ಸಿ. ಕೊಡುತ್ತಾರೆ, ಅವ್ವನದಲ್ಲ ಎಂದರೆ ಸುಳ್ಳು ತಾಯಿಯನ್ನು ತಂದು ಮೋಸ ಮಾಡಿದಳೆಂದು ಟಿ.ಸಿ. ಕೊಡುತ್ತಾರೆ. ಯಾವ ಕಡೆ ತಿರುಗಿದರೂ ಅವಳ ಓದು ಅಲ್ಲಿಗೆ ಮುಗಿಯಿತು, ಮುಗಿಸಿದವಳು ನಾನು. ಅವಳನ್ನು ಒಂಟಿಯಾಗಿ ಮನೆಗೆ ಕಳಿಸುವ ಧೈರ್ಯವೂ ಬರಲಿಲ್ಲ. ಕೈ ಬಿಡದೆ ಬಸ್ಸು ಹತ್ತಿಸಿದೆ.

ಊರಿನ ಶಾಲೆಯಲ್ಲಿ ಊಟ ಮುಗಿದಿತ್ತು. ಗೋವಿಂದಮ್ಮ ಸಾರಿನ ದೊಡ್ಡ ಪಾತ್ರೆಯೊಳಗೆ ಅರ್ಧ ಮೈ ತೂರಿಸಿ ಉಜ್ಜುತ್ತಿದ್ದಳು. ಮಗಳನ್ನು ಆ ಹೊತ್ತಿನಲ್ಲಿ ಕಂಡು ಎದ್ದು ನಿಂತಳು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ, ಹೊಳೆಯದನ್ನೂ. ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ಕಾದೆ. ಅವಳು ಮೊದಲು ಮಗಳನ್ನು ಹತ್ತಿರ ಎಳೆದುಕೊಂಡು, ಬೂದಿಗೈಯಲ್ಲೇ ಅವಳ ಕೈ ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಆ ಮೇಷ್ಟ್ರು ಏನ್ ಕೇಳುದ್ರು? ಇನ್ನೊಂದ್ ಸಲ ಏಳಿ."

ಹೇಳಿದೆ.

"ನಂಗೆ ಎರಡೂವರೆಗೆಲ್ಲ ಕೆಲ್ಸ ಮುಗೀತದೆ," ಎಂದಳು. "ಎಂಗಸರಿಗೆ ಬಸ್ಸು ಪುಕ್ಸಟ್ಟೆ. ಬಂದು ಗೇಟ್ ತಾವು ಕೂತಿದ್ದು ಕರ್ಕೊಂಡು ಬತ್ತಿದ್ದೆ. ಎರಡು ಮೈಲಿ ನಡಿಯಾಕೆ ನಂಗೇನು ಕಾಲಿಲ್ವಾ? ನಾನು ಊಂ ಅಂತಿದ್ದೆ. ನನ್ ಬದ್ಲು ಇಲ್ಲ ಅನ್ನಾಕೆ ನೀನ್ಯಾರವ್ವ?"

ದನಿಯೇರಿಸಿ ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಮೆಲ್ಲಗೆ ಕೇಳಿದಳು.

ಮರುದಿನ ಮೂವರೂ ಪ್ರಿನ್ಸಿಪಾಲರ ಕೋಣೆಗೆ ಹೋದೆವು. ನಾನು ಬಾಗಿಲ ಹೊರಗೆ ಗೋಡೆಗೆ ಒತ್ತಿಕೊಂಡು ನಿಂತೆ. ಮಹಾದೇವಸ್ವಾಮಿ ಒಳಗಿದ್ದರು. ಗೋವಿಂದಮ್ಮನನ್ನು ನೋಡಿ, ಅವತ್ತು ಬಂದ ತಾಯಿ ಇವರಲ್ಲವಲ್ಲ ಎಂದು ಅವರ ಹುಬ್ಬು ಗಂಟಿಕ್ಕಿತು. ಪ್ರಿನ್ಸಿಪಾಲ್ ಮೇಡಂ ನನ್ನನ್ನಾಗಲಿ ಅವಳನ್ನಾಗಲಿ ಹಿಂದೆ ಕಂಡಿರಲಿಲ್ಲ. ಮುಚ್ಚಳಿಕೆ ತೋರಿಸಿ, "ನಿಮ್ಮದೇ ತಾನೆ?" ಎಂದರು.

"ನಂದೇ ಕಣವ್ವ," ಎಂದಳು ಗೋವಿಂದಮ್ಮ. "ತಪ್ಪು ನಂದು. ಮಗೀಗೆ ಇನ್ನೊಂದ್ ಸಲ ಅವಕಾಸ ಕೊಡಿ."

ಮಗಳ ಮೇಲೆ ಮೋಸದ ಮಾತು ಬರಬಾರದೆಂದು ನನ್ನ ಸಹಿಯನ್ನು ತನ್ನ ತಲೆಗೆ ಕಟ್ಟಿಕೊಂಡಳು. ಮೇಡಂ ಕರಗಲಿಲ್ಲ. ಕಾಗದ ಕಾಗದವೇ ಎಂದರು. ಟಿ.ಸಿ. ರೆಡಿಯಾಗಿತ್ತು. ಪಡೆದುದಕ್ಕೆ ಇಲ್ಲಿ ಸಹಿ ಹಾಕಿ ಎಂದು ರಿಜಿಸ್ಟರ್ ತಿರುಗಿಸಿದರು.

ಗೋವಿಂದಮ್ಮ ಮಹಿಳಾ ಸಂಘದಲ್ಲಿ ಸಹಿ ಕಲಿತವಳು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಒಂದೊಂದೇ ಅಕ್ಷರವನ್ನು ಒತ್ತಿ ಒತ್ತಿ ಬರೆದಳು. ಹುಣಸೆಬೀಜದಷ್ಟು ದಪ್ಪ ಅಕ್ಷರಗಳು, ಮೇಲೊಂದು ಕೆಳಗೊಂದು. ಮೇಡಂ ಅದನ್ನು ನೋಡಿದರು. ಮುಚ್ಚಳಿಕೆಯ ಮೇಲಿನ ದುಂಡು ಸಹಿಯನ್ನು ನೋಡಿದರು, ಕೆಳಗಿನ ಗೆರೆಯನ್ನೂ ನೋಡಿದರು.

"ಇದನ್ನು ಹಾಕಿದ್ದು ಯಾರು?"

ಓಡಿಹೋಗಬಹುದಿತ್ತು. ಮೆಟ್ಟಿಲಿಳಿದರೆ ನನ್ನ ಅಂಗಡಿ. ಹೋಗಲಿಲ್ಲ, ಬಾಗಿಲು ದಾಟಿ ಒಳಗೆ ಹೋದೆ.

"ನಾನು ಮೇಡಂ. ಈ ಮಗಳಿಗೆ ಕ್ಲಾಸ್ ಬ್ಯಾಡ ಅಂದಿದ್ದೂ ನಾನೇ."

ಆಮೇಲೆ ಕೇಳಬಾರದ್ದೆಲ್ಲ ಕೇಳಿದೆ. ಪೊಲೀಸಿಗೆ ಕೊಡ್ತೀನಿ, ಅಂಗಡಿ ಎತ್ತಿಸ್ತೀನಿ ಎಂದರು. ಇನ್ನು ಎಷ್ಟು ಜನರಿಗೆ ತಾಯಿಯಾಗಿದ್ದೀಯ ಎಂದರು. ಉಳಿದ ಆರು ಹೆಸರನ್ನು ನಾನು ಹೇಳಲಿಲ್ಲ. ಕರ್ಕೊಂಡು ಬಂದವಳು ನಾನೇ ಎಂದು ಕವನ ಒಪ್ಪಿಕೊಂಡಳು. ಹಾಗಾದರೆ ಟಿ.ಸಿ.ಯೇ ಸರಿ ಎಂದರು ಮೇಡಂ.

ಮಹಾದೇವಸ್ವಾಮಿ ಎದ್ದರು. "ಮೇಡಂ, ಹುಡುಗಿ ಮಾಡಿದ್ದು ತಪ್ಪೇ. ಆದರೆ ಯಾರ ಮನೆಯವರು ಅಂತ ವಿಚಾರಿಸದೆ ಸಹಿ ಹಾಕಿಸಿಕೊಂಡವನು ನಾನು. ನನ್ನ ಪ್ರಶ್ನೆಯನ್ನು ಈ ತಾಯಿಗೆ ಇದುವರೆಗೆ ಯಾರೂ ಕೇಳೇ ಇಲ್ಲ." ಅವಳ ಕಡೆ ತಿರುಗಿದರು. "ನಾಲ್ಕೂವರೆಯಿಂದ ಆರರವರೆಗೆ ಕ್ಲಾಸು. ಕಳಿಸ್ತೀರಾ ಅಮ್ಮ?"

"ಊಂ ಸಾ, ಕಳುಸ್ತೀನಿ," ಎಂದಳು ಗೋವಿಂದಮ್ಮ. ಅಷ್ಟೇ. ನಾಲ್ಕು ತಿಂಗಳ ಹಿಂದೆ ಆ ಕುರ್ಚಿಯಲ್ಲಿ ಕೂತು ನಾನು ಹೇಳಬೇಕಾಗಿದ್ದುದೂ ಅಷ್ಟೇ.

ಮೇಡಂ ಟಿ.ಸಿ. ಹರಿಯಲಿಲ್ಲ. ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮುಂದಿನ ಪರೀಕ್ಷೆಯಲ್ಲಿ ಉಳಿದ ನಾಲ್ಕೂ ಆಗಬೇಕು. ಒಂದೇ ಒಂದು ಉಳಿದರೂ ಮೋಸದ ವಿಷಯವನ್ನೂ ಅದರಲ್ಲಿ ಬರೆದು ಕೈಗೆ ಕೊಡುವುದೆಂದರು. ಗೋವಿಂದಮ್ಮನ ಸಹಿ ರಿಜಿಸ್ಟರಿನಲ್ಲಿ ಹಾಗೇ ಇದೆ.

ಅವತ್ತಿನಿಂದ ಪ್ರತಿ ಸಂಜೆ ಗೋವಿಂದಮ್ಮ ಬಂದಳು. ಕಾಲೇಜು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತಳು. ನನ್ನ ಅಂಗಡಿಯ ಮುಂದೆ ನೆರಳಿದೆ, ಬೆಂಚಿದೆ. ಕರೆದರೂ ಬರಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ನೀರು ಕಳಿಸಿದೆ. ಲೋಟ ತುಂಬಿದ್ದು ತುಂಬಿದ ಹಾಗೇ ವಾಪಸು ಬಂತು. ಆರಕ್ಕೆ ಮಗಳು ಹೊರಬಂದರೆ, ಇಬ್ಬರೂ ಬಸ್‌ಸ್ಟ್ಯಾಂಡಿಗೆ ಹೋಗಿ ಏಳೂಕಾಲರವರೆಗೆ ಕಾಯುತ್ತಿದ್ದರು. ಕವನ ಅಲ್ಲೂ ಪುಸ್ತಕ ಬಿಚ್ಚುತ್ತಿದ್ದಳಂತೆ. ಹೇಗೆ ಬರೆದಿದ್ದೀಯ ಎಂದು ಪರೀಕ್ಷೆ ಮುಗಿದ ದಿನ ದಾರಿಯಲ್ಲಿ ತಡೆದು ಕೇಳಿದೆ. "ಗೊತ್ತಿಲ್ಲ ಕಣಕ್ಕ," ಎಂದಳು. ಹಿಂದಿನ ಸಲವೂ ಹಾಗೇ ಅಂದಿದ್ದಳು.

ಫಲಿತಾಂಶ ಈ ವಾರ ಅನ್ನುತ್ತಾರೆ. ನಿನ್ನೆ ಗೋವಿಂದಮ್ಮ ಮೊದಲ ಸಲ ರಸ್ತೆ ದಾಟಿ ನನ್ನ ಅಂಗಡಿಗೆ ಬಂದಳು. ಕೂರಲಿಲ್ಲ.

"ನನ್ ನಂಬರ್ ಬರ್ಕಳಿ," ಎಂದಳು. "ಪಾಸಾಗ್ಲಿ, ಫೇಲಾಗ್ಲಿ, ಮೊದ್ಲು ನಂಗೆ ಏಳ್ಬೇಕು. ಮಗೀಗೂ ಮುಂಚೆ. ಅವಳ್ಗೆ ನಾನು ಏಳ್ತೀನಿ, ಪಕ್ದಲ್ಲಿ ಕೂರಿಸ್ಕೊಂಡು."

ಪ್ರಿಂಟರಿನ ಮೇಲಿನ ಗೋಡೆಗೆ ಮಾರ್ಕರಿನಲ್ಲಿ ನಂಬರು ಬರೆದೆ. ಪಕ್ಕದಲ್ಲಿ ಗೋವಿಂದಮ್ಮ ಎಂದು ಬರೆಯಲು ಹೋದೆ. ಆ ಹೆಸರನ್ನು ನಾನು ಒಮ್ಮೆ ಬರೆದದ್ದೇ ಸಾಕಾಗಿತ್ತು. ಮಾರ್ಕರನ್ನು ಅವಳಿಗೇ ಕೊಟ್ಟೆ.