ಒಂದೇ ನಂಬರಿನ ಎರಡು ಕಾರ್ಡು

ಲಖನನ ಬಲಗೈ ಪ್ರೆಸ್ಸಿನಡಿ ಜಜ್ಜಿಹೋದ ಮರುದಿನವೇ ಅವನ ಮಾಲಕ ಶಿವರಾಜ ಕಂಡಕಂಡವರಿಗೆ ಹೇಳಿದ: ಅವನು ಕುಡಿದಿದ್ದ, ಯಂತ್ರದ ತಪ್ಪೇನೂ ಇಲ್ಲ. ಉಗಾರ ಖುರ್ದದಲ್ಲಿ ಇಂಥ ಮಾತಿಗೆ ಕಾಲು ಬೇಕೆ? ಚಹಾದಂಗಡಿಯಿಂದ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನವರೆಗೆ ಲಖನ ಕುಡುಕನಾದ. ಪಾಪ, ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟಿದವನಲ್ಲ.

ನಿಜ ಶಿವರಾಜನ ಹೊಟ್ಟೆಯಲ್ಲಿತ್ತು. ಅವನ ಶೆಡ್ಡಿನಲ್ಲಿ ಕಬ್ಬಿಣದ ಪಟ್ಟಿ ಒತ್ತುವ ಪ್ರೆಸ್ಸನ್ನು ಒಂದು ಮುದಿ ಕಂಪ್ಯೂಟರು ನಡೆಸುತ್ತದೆ. ಅದರೊಳಗೆ ಒಂದೊಂದು ಯಂತ್ರಕ್ಕೂ ಒಂದೊಂದು ಸರ್ಕಿಟ್ ಕಾರ್ಡು; ಪ್ರೆಸ್ಸಿನ ಕಾರ್ಡಿಗೆ ಐದನೇ ನಂಬರು. ನಿಲ್ಲಿಸುವ ಬಟನ್ ಒತ್ತಿದರೆ ಆ ಸುದ್ದಿ ಅದೇ ನಂಬರಿನಲ್ಲಿ ಕಂಪ್ಯೂಟರಿಗೆ ಮುಟ್ಟಬೇಕು. ಕಬ್ಬಿನ ಹಂಗಾಮಿನ ಗಡಿಬಿಡಿಯಲ್ಲಿ ಶಿವರಾಜ ಕೊಲ್ಹಾಪುರದ ಗುಜರಿಯಿಂದ ಡ್ರಿಲ್ಲಿಗೊಂದು ಹಳೆಯ ಕಾರ್ಡು ತಂದು, ಅದನ್ನೂ ಐದರಲ್ಲೇ ಕೂರಿಸಿದ. ಒಂದೇ ಒರೆಯಲ್ಲಿ ಎರಡು ಕತ್ತಿ! ಎರಡೂ ಯಂತ್ರ ಒಟ್ಟಿಗೆ ಓಡಿದರೆ ಬಟನ್ನಿನ ಸುದ್ದಿ ಕಂಪ್ಯೂಟರಿಗೆ ಮುಟ್ಟುವುದಿಲ್ಲ. ಕಾರ್ಡಿನ ಮೇಲಿನ ಜಂಪರ್ ಎಂಬ ಸಣ್ಣ ಟೋಪಿಯನ್ನು ಕಿತ್ತು ಪಕ್ಕದ ಕಡ್ಡಿಗೆ ಸಿಗಿಸಿದ್ದರೆ ನಂಬರು ಬದಲಾಗುತ್ತಿತ್ತು. ಆದರೆ ಅದನ್ನು ಹೊಂದಿಸಿ ನೋಡುವ ತನಕ ಪ್ರೆಸ್ಸು ನಿಲ್ಲಬೇಕಿತ್ತಲ್ಲ! ಎರಡನ್ನೂ ಒಟ್ಟಿಗೆ ಓಡಿಸದಿದ್ದರಾಯಿತು ಎಂದು ಲಖನನಿಗೆ ತಾಕೀತು ಮಾಡಿದ. ತಾಕೀತು ಮಾಡಿದ ಮಹಾರಾಯನೇ, ಲಖನ ಪ್ರೆಸ್ಸಿನ ಮುಂದಿದ್ದಾಗ ಮರೆತು ಡ್ರಿಲ್ ಚಾಲು ಮಾಡಿದ. ಲಖನ ಚೀರುತ್ತ ಬಟನ್ ಗುದ್ದಿದ. ಯಂತ್ರ ನಿಲ್ಲಲಿಲ್ಲ.

ಈಗ ಲಖನನ ಹೆಂಡತಿ ಸಪನಾ, ಮೈದುನ ಈಶ್ವರನನ್ನು ಕರೆದುಕೊಂಡು ಶೆಡ್ಡಿಗೆ ಬಂದಿದ್ದಳು. ಈಶ್ವರ ಬಂದವನೇ ಕೈಯಲ್ಲಿದ್ದ ರಾಡಿನಿಂದ ಶಿವರಾಜನ ಬಾಯಿಗೆ ಬಾರಿಸಿದ. ಹಲ್ಲು ಮುರಿದು ರಕ್ತ ಅಂಗಿಯ ಮೇಲೆ ಇಳಿಯಿತು. ಕೂದಲು ಹಿಡಿದು ಪ್ರೆಸ್ಸಿನತ್ತ ಎಳೆಯುವಷ್ಟರಲ್ಲಿ ಶಿವರಾಜನ ಅಪ್ಪ ರಾವಸಾಹೇಬ ಓಡಿಬಂದು ಈಶ್ವರನ ಹೊಟ್ಟೆಗೆ ಒದ್ದ. ಈಶ್ವರ ಬಿದ್ದ; ರಾಡೂ ಬಿತ್ತು.

ಸಪನಾ ಅಳಲಿಲ್ಲ. "ನನ್ನ ಗಂಡ ಕುಡದಿದ್ದಿಲ್ರಿ ಸಾವಕಾರ್ರ. ಯಂತ್ರಾ ಸುದ್ದ ಇದ್ರ ಪ್ರೆಸ್ಸು, ಡ್ರಿಲ್ಲು ಎರಡೂ ಕೂಡೇ ಚಾಲು ಮಾಡಿ, ನಿಮ್ಮ ಮಗಾ ಅದರ ಬುಡಕ ಕೈ ಇಡ್ಲಿ," ಅಂದಳು.

ರಾವಸಾಹೇಬನಿಗೆ ಮಗನ ಮಾತೆಂದರೆ ದೇವಿ ಮಾಯಕ್ಕನ ಆಣೆಯಷ್ಟು ಗಟ್ಟಿ. ಅಂಗಿಯ ತೋಳು ಮಡಚಿದವನೇ ತನ್ನ ಬಲಗೈಯನ್ನೇ ಪ್ರೆಸ್ಸಿನಡಿ ಚಾಚಿ, ಎಡಗೈಯನ್ನು ಬಟನ್ನಿನ ಮೇಲಿಟ್ಟ.

"ಅವನ ಕೈ ಯಾಕ? ನಂದ ಐತಿ. ಲೇ ಶಿವ್ಯಾ, ಎರಡೂ ಚಾಲು ಮಾಡು."

ಶಿವರಾಜ ಕಂಪ್ಯೂಟರಿನ ಕೀಲಿಯ ಮೇಲೆ ಬೆರಳಿಟ್ಟ. ಕಾರ್ಡುಗಳು ಇನ್ನೂ ಐದರಲ್ಲೇ ಇದ್ದವು. ಕಂಪ್ಯೂಟರಿನ ಡಬ್ಬಿ ಬಿಚ್ಚಿದರೆ ಯಾರಾದರೂ ನೋಡಿ ಗುಟ್ಟು ತಿಳಿದಾರೆಂದು, ಹೆದರುಪುಕ್ಕ, ಮುಟ್ಟಿಯೇ ಇರಲಿಲ್ಲ. ಒತ್ತಿದರೆ ಅಪ್ಪನ ಕೈ ಹೋಗುತ್ತದೆ. ಒತ್ತದಿದ್ದರೆ ತನ್ನ ಮಾನ ಹೋಗುತ್ತದೆ. ಅಪ್ಪ ಮತ್ತೊಮ್ಮೆ ಗದರಿದ.

"ಅಪ್ಪಾ, ಕೈ ತಗೀ," ಶಿವರಾಜ ರಕ್ತ ಉಗುಳಿ ಅಂದ. "ಎರಡೂ ಕಾರ್ಡ ಒಂದ ನಂಬರಿನ್ಯಾಗ ಅದಾವು. ಬಟನ್ ಕೇಳಂಗಿಲ್ಲ. ಡ್ರಿಲ್ ಚಾಲು ಮಾಡಿದಾವ ನಾನ. ಲಖನ ಕುಡದಿದ್ದಿಲ್ಲ."

ರಾವಸಾಹೇಬ ಕೈ ಹೊರಗೆಳೆದುಕೊಂಡ. ಬಿದ್ದ ರಾಡನ್ನು ಎತ್ತಿಕೊಂಡು, ಮಗನ ಬಲಗೈಯನ್ನು ಪ್ರೆಸ್ಸಿನ ಹಾಸಿನ ಮೇಲೆ ಒತ್ತಿಹಿಡಿದು ಬೀಸಿದ. ಮೂಳೆ ಲಟಕ್ಕೆಂದಿತು. ಶಿವರಾಜ ಊಳಿಟ್ಟು ಕುಸಿದ. ಮುದುಕ ಎಡಗೈಯನ್ನೂ ಎಳೆದು ರಾಡು ಎತ್ತಿದಾಗ ಸಪನಾ ಅದನ್ನು ತಡೆದು ಹಿಡಿದಳು.

"ಆ ಕೈ ಇರ್ಲಿ ಬಿಡ್ರಿ," ಅಂದಳು. "ಠಾಣೇದಾಗ ತಪ್ಪ ಒಪ್ಪಿ ಸಹಿ ಮಾಡಾಕ ಬೇಕಾಗತೈತಿ."